ಇಸ್ತ್ರಿ ಅಂಗಡಿಗೊಂದು ಸುಕ್ಕಿನ ಮುಖ

ನನ್ನ ತಂಗಿಯನ್ನು ಮನೆಯವರೆಲ್ಲ ಬಾವಲಿ ಎಂದೇ ಕರೆಯುತ್ತೇವೆ. ಅದಕ್ಕವಳಿಗೆ ಒಂದಿಷ್ಟೂ ಬೇಜಾರಿಲ್ಲ. ಹೊರಗೆ ಬಿಸಿಲು ಚೆಲ್ಲಾಡುತ್ತಿದ್ದರೂ ಕಿಟಕಿಯಿಲ್ಲದ ಕೋಣೆಯೊಳಗೆ ಹೊಕ್ಕು, ಬಾಗಿಲು ಜಡಿದುಕೊಂಡು, ಕೆಂಪು ದೀಪ ಹಚ್ಚಿಕೊಂಡು ಕೂತಿರುವವಳನ್ನು ಇನ್ನೇನೆಂದು ಕರೆಯಬೇಕು ಹೇಳಿ? ಊಟ ಆರಿ ತಣ್ಣಗಾದ ಮೇಲೆ ಕಣ್ಣು ಕಿರಿದು ಮಾಡಿಕೊಂಡು ಹೊರಬರುತ್ತಾಳೆ. ಸೆರಗಿನ ತುಂಬ ಫೋಟೋ ತೊಳೆಯುವ ಔಷಧಿಯ ಹುಳಿ ವಾಸನೆ. "ಅಕ್ಕಾ, ಇವತ್ತು ಕಪ್ಪು ಹೆಂಗ್ ಬಂದಿದೆ ಗೊತ್ತಾ!" ಎನ್ನುತ್ತಾಳೆ. ಕಪ್ಪು ಕಪ್ಪಾಗಿ ಬರದೆ ಇನ್ನು ಹೇಗೆ ಬರುತ್ತದಮ್ಮ ಎಂದು ನಾನು ರೇಗುತ್ತೇನೆ. ಆಮೇಲೆ ಫೋಟೋ ನೋಡಿ ಬಾಯಿ ಮುಚ್ಚಿಕೊಳ್ಳುತ್ತೇನೆ.

ಸ್ಟುಡಿಯೋ ಅಪ್ಪನ ಕಾಲದ್ದು. ಮುಂದಿನ ಕೌಂಟರು ನನ್ನದು. ಪಾಸ್‌ಪೋರ್ಟ್ ಸೈಜಿನ ಫೋಟೋ, ಶಾಲೆಯ ಗುರುತಿನ ಚೀಟಿ, ಲ್ಯಾಮಿನೇಷನ್ನು ಎಲ್ಲ ನನ್ನ ಕೈಯಲ್ಲೇ. ಗಲ್ಲ ಮೇಲೆ, ಭುಜ ಕೆಳಗೆ, ನಗಬೇಡಿ ಎಂದು ದಿನವಿಡೀ ಹೇಳಿ ಹೇಳಿ ನನ್ನ ಮುಖದಲ್ಲೇ ನಗು ಕಮ್ಮಿಯಾಗಿದೆ ಎಂದು ಅತ್ತಿಗೆ ಹಂಗಿಸುತ್ತಾಳೆ. ನನ್ನ ಬೆನ್ನ ಹಿಂದಿನ ಗೋಡೆಯಾಚೆ ಬಾವಲಿಯ ಕತ್ತಲೆ ಕೋಣೆ. ಒಳಗೆ ಫೋಟೋ ಕಾಗದವನ್ನು ಡಬ್ಬಿಯಿಂದ ತೆಗೆದಿಟ್ಟಿದ್ದಾಗ ಬಾಗಿಲು ತೆರೆದರೆ ಬೆಳಕು ತಾಗಿ ಎಲ್ಲ ಕರ್ರಗಾಗಿ ಹೋಗುತ್ತದೆ. ಅದಕ್ಕೇ ಅಪ್ಪ ಗೋಡೆಯಲ್ಲಿ ಒಂದು ಮರದ ಗೂಡು ಮಾಡಿಸಿದ್ದರು. ಅದಕ್ಕೆ ಎರಡು ಮುಚ್ಚಳ, ಒಂದು ಈ ಕಡೆ, ಇನ್ನೊಂದು ಆ ಕಡೆ. ನಾನು ಇಲ್ಲಿಂದ ಏನಾದರೂ ಇಟ್ಟು ಮುಚ್ಚಿ ಗೋಡೆ ತಟ್ಟಿದರೆ ಅವಳು ಅಲ್ಲಿಂದ ತೆಗೆದುಕೊಳ್ಳುತ್ತಾಳೆ.

ಊರಿನ ಸ್ಟುಡಿಯೋಗಳೆಲ್ಲ ಬಣ್ಣಕ್ಕೆ, ಬಣ್ಣದಿಂದ ಕಂಪ್ಯೂಟರಿಗೆ ಹಾರಿದರೂ ಇವಳು ಮಾತ್ರ ಕಪ್ಪು-ಬಿಳುಪಿಗೇ ಅಂಟಿಕೊಂಡಳು. ಮೊದಮೊದಲು ಪಟ್ಟ ಪಾಡು ಅಷ್ಟಿಷ್ಟಲ್ಲ. ಒಬ್ಬ ಕಂಟ್ರಾಕ್ಟರು ತನ್ನ ಫೋಟೋ ನೋಡಿ, "ಏನಮ್ಮಾ, ಬದುಕಿರೋವಾಗ್ಲೇ ನನ್ನ ಸಾಯ್ಸಿಬಿಟ್ಟಿದ್ದೀಯಲ್ಲ!" ಎಂದು ಕೂಗಾಡಿದ. ಇವಳೇನು ಕಮ್ಮಿಯೇ? "ನೋಡಿ ಸಾರ್, ನಿಮ್ಮ ಅಂಗಿ ಬಣ್ಣ ಹೋದ್ಮೇಲೇನೇ ನಿಮ್ಮ ಮೀಸೆ ಕಾಣ್ತಿರೋದು" ಎಂದಳು. ಆತ ಮತ್ತೊಮ್ಮೆ ನೋಡಿದ, ಮೀಸೆ ಮುಟ್ಟಿಕೊಂಡ, ಎರಡು ಪ್ರತಿ ಮಾಡಿಸಿಕೊಂಡು ಹೋದ.

ಅವಳ ಹಣೆಬರಹ ತಿರುಗಿಸಿದ್ದು ಕಬ್ಬಿಣದ ಸಾಮಾನಿನ ಅಂಗಡಿಯವರು. ಜಾಹೀರಾತಿಗೆ ಏನಾದರೂ ಮಾಡಿಕೊಡು ಎಂದು ಒಂದು ಬೊಗಸೆ ನಟ್ಟು ಬೋಲ್ಟು ತಂದು ಸುರಿದರು. ಇವಳು ಕಪ್ಪು ಬಟ್ಟೆ ಹಾಸಿ, ಉಳಿದ ದೀಪಗಳನ್ನೆಲ್ಲ ಆರಿಸಿ, ಒಂದೇ ಒಂದು ದೀಪವನ್ನು ನೆಲಕ್ಕೆ ತಾಗುವಷ್ಟು ತಗ್ಗಿಸಿ ಪಕ್ಕದಿಂದ ಬಿಟ್ಟಳು. ಫೋಟೋದಲ್ಲಿ ಬೋಲ್ಟಿನ ತಿರುಪಿನ ಸುತ್ತುಗಳೆಲ್ಲ ಬೆಳ್ಳಿಯ ಆಭರಣದಂತೆ ಮಿಂಚಿದವು. ಅಂಗಡಿಯವರು "ಇದು ನಮ್ಮದೇನಾ?" ಎಂದು ಬಾಯಿ ಬಿಟ್ಟರು. ಅಲ್ಲಿಂದ ಚಪ್ಪಲಿ ಹೊಲಿಯುವವರು, ಕ್ಷೌರದ ಅಂಗಡಿಯವರು, ಪಿಟೀಲು ರಿಪೇರಿಯವರು ಒಬ್ಬೊಬ್ಬರಾಗಿ ಬಂದರು. "ಕಲೆ ಅಂತ ಗೋಡೆಗೆ ನೇತುಹಾಕಿದ್ರೆ ಯಾರೂ ತಿರುಗಿ ನೋಡಲ್ಲ ಕಣಕ್ಕ. ಅದನ್ನೇ ಜಾಹೀರಾತು ಅಂತ ಅಂಟಿಸು, ಬಸ್ಸು ತಪ್ಪಿಸ್ಕೊಂಡು ನಿಂತು ನೋಡ್ತಾರೆ" ಎನ್ನುತ್ತಿದ್ದಳು.

ಆದರೆ ಇವೆಲ್ಲ ಬಿಡಿ ಬಿಡಿ ಕೆಲಸ. ಮಹಡಿಯ ಮೇಲಿರುವ ನಮ್ಮಣ್ಣನಿಗೆ ಇದು ಹಿಡಿಸಲಿಲ್ಲ. ಅಣ್ಣ ಮನುಷ್ಯ ಚಿನ್ನ, ತಲೆಯಲ್ಲಿ ಮಾತ್ರ ಸದಾ ಯಾವುದಾದರೂ ಒಂದು ಯಂತ್ರ. ಈ ಸಲ ಹೊಕ್ಕಿದ್ದು ದೊಡ್ಡ ಝೆರಾಕ್ಸ್ ಮಿಷನ್ನು. ಅದನ್ನು ಇಡಲು ಅವನ ಕಣ್ಣು ಬಿದ್ದದ್ದು ಕತ್ತಲೆ ಕೋಣೆಯ ಮೇಲೆ.

"ನೋಡೇ, ನನಗೇನು ನಿನ್ನ ಮೇಲೆ ದ್ವೇಷಾನಾ?" ಎಂದ ಅವಳಿಗೆ. "ವರ್ಷಗಟ್ಟಲೆ ಬೇಡ ಅಂದಿಲ್ಲ. ಈಗ ಮಿಷನ್ ಹೇಳಿಬಿಟ್ಟಿದ್ದೀನಿ. ಅದು ಬರೋದ್ರೊಳಗೆ ನಿಂಗೆ ಖಾಯಂ ಅನ್ನೋ ಹಂಗೆ ಒಂದು ದೊಡ್ಡ ಕೆಲಸ ಸಿಕ್ರೆ ಕೋಣೆ ನಿಂದು. ಇಲ್ಲಾಂದ್ರೆ ಖಾಲಿ ಮಾಡಿಕೊಡು."

"ಸಿಗುತ್ತೆ ಬಿಡು" ಎಂದಳು ಬಾವಲಿ. ಅಷ್ಟು ಧೈರ್ಯ ಎಲ್ಲಿಂದ ಬಂತೋ! ಆ ಕೋಣೆ ಹೋದರೆ ಇವಳು ಕೌಂಟರಿನ ಹಿಂದೆ ನನ್ನ ಪಕ್ಕ ಕೂತು ಗಲ್ಲ ಮೇಲೆ, ಭುಜ ಕೆಳಗೆ ಎನ್ನಬೇಕು. ಅದನ್ನು ನೆನೆಸಿಕೊಂಡರೇ ನನಗೆ ಅಳು ಬರುತ್ತಿತ್ತು.

ಅಷ್ಟರಲ್ಲಿ ಲಾಂಡ್ರಿ ಸಾಹುಕಾರರು ಬಂದರು. ಊರಲ್ಲಿ ಅವರ ಬಟ್ಟೆ ಒಗೆಯುವ ಅಂಗಡಿಗಳು ಬೀದಿಗೊಂದು. ಈಗ ಎಲ್ಲಕ್ಕಿಂತ ದೊಡ್ಡದೊಂದು ತೆರೆಯುವವರಿದ್ದರು. ಒಳಗಿನ ಗೋಡೆಗೆ ಆಳೆತ್ತರದ ಫೋಟೋ ಬೇಕು, ಅದು ಜನರಿಗೆ ಹಿಡಿಸಿದರೆ ಮಿಕ್ಕ ಅಂಗಡಿಗಳಿಗೂ ಬೇಕು. "ಆದ್ರೆ ಒಂದು ಮಾತಮ್ಮ. ಎಲ್ಲರೂ ಕಲರ್ ಹಾಕ್ತಾರೆ. ನೀನು ಕಪ್ಪು-ಬಿಳುಪು ಅಂತೀಯ. ಯಾಕೆ?"

ಬಾವಲಿ ಎದ್ದು ನಿಂತಳು. "ಸಾರ್, ನೀವು ಮಾರೋದೇನು? ಬಿಳುಪು. ಬಿಳಿ ಎಷ್ಟು ಬಿಳಿ ಅಂತ ತೋರಿಸ್ಬೇಕಂದ್ರೆ ಪಕ್ಕದಲ್ಲಿ ಕಪ್ಪು ಬೇಕು, ಕೆಂಪು ಹಸಿರು ಅಲ್ಲ." ಸಾಹುಕಾರರು ಮೇಜು ಕುಟ್ಟಿ ನಕ್ಕರು. ಕೆಲಸ ನಮ್ಮದಾಯಿತು. ಅವರು ಮೆಟ್ಟಿಲು ಇಳಿದಿದ್ದೇ ತಡ, ನಾವಿಬ್ಬರೂ ಕೈ ಕೈ ಹಿಡಿದು ಕೌಂಟರಿನ ಹಿಂದೆ ಕುಣಿದೆವು. ಪಾಸ್‌ಪೋರ್ಟ್ ಫೋಟೋಗೆ ಬಂದವರೊಬ್ಬರು ಸ್ಟೂಲಿನ ಮೇಲೆ ಗಲ್ಲ ಎತ್ತಿಕೊಂಡು ಕಾಯುತ್ತಲೇ ಇದ್ದರು.

ಫೋಟೋ ತೆಗೆಯುವ ದಿನ ಅವರ ಹಳೆಯ ಲಾಂಡ್ರಿಯೊಂದಕ್ಕೆ ನಾನೂ ಹೋಗಿದ್ದೆ, ದೀಪ ಹಿಡಿಯಲು. ಅಬ್ಬಾ ಅದೇನು ಜಾಗ! ಗಿರಗಿರನೆ ತಿರುಗುವ ಮಿಷನ್ನುಗಳು, ಬುಸುಗುಡುವ ಹಬೆ, ಸೂರಿಗೆ ತೂಗುಬಿಟ್ಟ ಹಾಸಿಗೆ ವಸ್ತ್ರಗಳ ಸಾಲು. ಬಾವಲಿ ಹುಚ್ಚು ಹಿಡಿದವಳಂತೆ ಓಡಾಡಿದಳು. ಸ್ಟೂಲು ಹತ್ತಿದಳು, ನೆಲದ ಮೇಲೆ ಅಂಗಾತ ಮಲಗಿದಳು, "ಅಕ್ಕಾ, ದೀಪ ಎಡಕ್ಕೆ, ಇನ್ನೂ ಎಡಕ್ಕೆ, ಅಯ್ಯೋ ಅದು ಬಲ!" ಎಂದು ನನ್ನನ್ನು ಹುರಿದು ಮುಕ್ಕಿದಳು. ಮಿಷನ್ನುಗಳ ಸಾಲು, ಮಡಿಸಿದ ಅಂಗಿಗಳ ಗೋಪುರ, ಇಸ್ತ್ರಿಪೆಟ್ಟಿಗೆ ಹಿಡಿದ ಹೆಂಗಸರು, ಎಲ್ಲವೂ ಫಿಲ್ಮಿಗೆ ಇಳಿದವು.

ಮೂಲೆಯಲ್ಲಿ ಒಬ್ಬರು ಅಜ್ಜಿ ಕೈಯಲ್ಲೇ ಬಟ್ಟೆ ಹಿಂಡುತ್ತಿದ್ದರು. ಸಾಹುಕಾರರ ತಾಯಿ. ಇಡೀ ಲಾಂಡ್ರಿ ಶುರುವಾಗಿದ್ದೇ ಅವರ ಒಂದು ಬಕೆಟ್ಟಿನಿಂದ. ಮಿಷನ್ನಿನ ಮೇಲೆ ಅವರಿಗೆ ಇವತ್ತಿಗೂ ನಂಬಿಕೆಯಿಲ್ಲ, ತೆಳು ಬಟ್ಟೆಗಳನ್ನು ಯಾರಿಗೂ ಮುಟ್ಟಗೊಡುವುದಿಲ್ಲ. "ನನ್ನ ಯಾಕೆ ತೆಗೀತೀಯೇ, ಆ ಹುಡುಗೀರನ್ನ ತೆಗಿ" ಎಂದು ಗದರಿ, ಒದ್ದೆ ವಸ್ತ್ರವನ್ನು ಎರಡೂ ಕೈಯಲ್ಲಿ ತಿರುಚಿದರು. ನೀರು ಧಾರೆಯಾಗಿ ಇಳಿಯಿತು. ಅದೇ ಹೊತ್ತಿಗೆ ಏನು ನೆನಪಾಯಿತೋ, ಅಜ್ಜಿ ತಲೆ ಹಿಂದಕ್ಕೆ ಹಾಕಿ ಗೊಳ್ಳೆಂದು ನಕ್ಕುಬಿಟ್ಟರು. ಬಾವಲಿ ಬಟನ್ ಒತ್ತಿದ್ದು ಆಗಲೇ. ಒತ್ತಿದವಳು ಕ್ಯಾಮೆರಾ ಇಳಿಸಿ ನನ್ನ ಕಡೆ ನೋಡಿದಳು. ಕಣ್ಣಲ್ಲಿ ನೀರು ಬಂದಿತ್ತು. ನನಗೆ ಅರ್ಥವಾಯಿತು, ಇವಳಿಗೆ ಬೇಕಾದ್ದು ಸಿಕ್ಕಿದೆ.

ತೆಗೆದ ಫೋಟೋಗಳನ್ನೆಲ್ಲ ಚಿಕ್ಕ ಚಿಕ್ಕದಾಗಿ ಒಂದೇ ಹಾಳೆಯಲ್ಲಿ ಅಚ್ಚು ಹಾಕಿ, ಬೇಕಾದ್ದಕ್ಕೆ ಪೆನ್ನಿನಲ್ಲಿ ಸುತ್ತು ಹಾಕಿ ಕಳಿಸಿ ಎಂದು ಸಾಹುಕಾರರಿಗೆ ಕೊಟ್ಟು ಬಂದೆವು. ನಮ್ಮ ಕಸುಬಿನವರು ಆಯ್ಕೆ ಮಾಡುವುದೇ ಹಾಗೆ. ಅಜ್ಜಿಯ ಫೋಟೋನೇ ಆರಿಸಲಿ ಎಂದು ಬಾವಲಿ ಬಾಯಿಬಿಟ್ಟು ಹೇಳಲಿಲ್ಲ. "ಅಂಗಡಿ ಅವರದು, ಮಾತೂ ಅವರದೇ ಆಗ್ಬೇಕು" ಎಂದಳು. ಆದರೆ ಕಾಯುವಾಗ ಉಗುರೆಲ್ಲ ಕಚ್ಚಿ ಹಾಕಿದಳು.

ಹಾಳೆ ವಾಪಸು ಬಂದದ್ದು ಅಂಗಡಿ ತೆರೆಯುವ ಹಿಂದಿನ ದಿನ ಮಧ್ಯಾಹ್ನ! ಬಾವಲಿ ಆಗಲೇ ಕೋಣೆಯೊಳಗಿದ್ದಳು. ಆಳೆತ್ತರದ ಕಾಗದದ ಸುರುಳಿ ಒಂದೇ ಒಂದು ಉಳಿದಿತ್ತು, ಅದನ್ನು ಬಿಚ್ಚಿ ಗೋಡೆಗೆ ಸಿಕ್ಕಿಸುತ್ತಿದ್ದಳು. ಬಾಗಿಲು ತೆರೆಯುವ ಹಾಗೆಯೇ ಇಲ್ಲ. ನನ್ನ ಮುಂದೆ ಪರೀಕ್ಷೆಯ ಅರ್ಜಿಗೆ ಫೋಟೋ ಬೇಕೆನ್ನುವವರ ದಂಡು. ಲಾಂಡ್ರಿಯ ಡ್ರೈವರು ಕೊಟ್ಟ ಲಕೋಟೆಯನ್ನು ಹಾಗೆಯೇ ಗೂಡಿನಲ್ಲಿಟ್ಟು ಗೋಡೆ ತಟ್ಟಿದೆ.

ಒಳಗಿನಿಂದ ಒಂದು ಕಿರುಚು ಕೇಳಿತು. "ಅಕ್ಕಾ! ಅಜ್ಜೀನೇ! ಅಜ್ಜಿಗೇ ಸುತ್ತು ಹಾಕಿದ್ದಾರೆ!"

"ಮತ್ತೆ? ನಾನು ಹೇಳ್ಲಿಲ್ವಾ!" ಎಂದು ನಾನೂ ಕೂಗಿದೆ. ನಾನು ಏನೂ ಹೇಳಿರಲಿಲ್ಲ. ಸರದಿಯಲ್ಲಿದ್ದವರೆಲ್ಲ ಬೆಪ್ಪಾಗಿ ನಮ್ಮ ಗೋಡೆಯನ್ನೇ ನೋಡಿದರು.

ಸಂಜೆಯ ಹೊತ್ತಿಗೆ ಅಜ್ಜಿ ಹುಟ್ಟಿ ಬಂದಿದ್ದರು. ಏನು ಹೇಳಲಿ! ಕಡುಗಪ್ಪು ಹಿನ್ನೆಲೆ, ಅದರ ಮುಂದೆ ಕಣ್ಣು ಕುಕ್ಕುವ ಬಿಳಿ ವಸ್ತ್ರ, ತಿರುಚಿದ ಮಡಿಕೆಗಳಿಂದ ಜಿನುಗುವ ನೀರಿನ ಒಂದೊಂದು ಹನಿ, ಹಿಡಿದ ಬೆರಳುಗಳ ಗೆಣ್ಣು, ಮೇಲೆ ಸುಕ್ಕು ಸುಕ್ಕಾದ ಆ ನಗುವ ಮುಖ. ನೋಡುತ್ತ ನೋಡುತ್ತ ನನಗೇ ನಗು ಉಕ್ಕಿ ಬಂತು. ಒಣಗಿಸಿ, ಹಲಗೆಗೆ ಅಂಟಿಸಿ, ಚೌಕಟ್ಟು ಹಾಕಿಸಿ, ಹಗ್ಗ ಎಳೆದರೆ ಸರಿಯುವಂಥ ಪರದೆ ಹೊದಿಸಿದೆವು.

ಮಾರನೆಯ ಬೆಳಿಗ್ಗೆ ಫೋಟೋ ಒಯ್ಯುವ ಗಾಡಿ ಬರುವ ಮುಂಚೆ ನಾನು ಕೋಣೆಯ ಬಾಗಿಲು ತೆರೆದಿಟ್ಟು ಕಸ ಗುಡಿಸುತ್ತಿದ್ದೆ. ಮೇಜಿನ ಮೇಲೆ ಆ ಹಾಳೆ ಬಿದ್ದಿತ್ತು. ಬಿಸಿಲಿಗೆ ಹಿಡಿದು ನೋಡಿದೆ. ಅಜ್ಜಿಯ ಫೋಟೋಗೆ ನೀಲಿ ಪೆನ್ನಿನಲ್ಲಿ ಸುತ್ತು ಹಾಕಿದ್ದು ನಿಜ. ಆದರೆ ಅದರ ಮೇಲೆ ಕೆಂಪು ಪೆನ್ನಿನಲ್ಲಿ ಈ ಮೂಲೆಯಿಂದ ಆ ಮೂಲೆಗೆ ಅಡ್ಡಗೀಟು! ಮಿಷನ್ನುಗಳ ಸಾಲಿನ ಫೋಟೋಗೆ ಹೊಸದಾಗಿ ಕೆಂಪು ಸುತ್ತು!

"ಬಾವಲೀ!" ಎಂದು ಅರಚಿದೆ. "ಇಲ್ಲಿ ನೋಡೇ! ಅಜ್ಜೀನ ಹೊಡೆದುಹಾಕಿದ್ದಾರೆ! ನಿನ್ನ ಕಣ್ಣೇನು ಕಣ್ಣೋ ಗುಂಡಿಯೋ?"

ಅವಳು ಓಡಿ ಬಂದು ನೋಡಿದಳು. ಬಿಳಚಿಕೊಂಡಳು. "ಅಕ್ಕಾ... ಕೆಂಪು ಪೆನ್ನು. ಕೆಂಪು ದೀಪದಡಿ ಕೆಂಪು ಶಾಯಿ ಕಾಣೋದೇ ಇಲ್ಲ. ನೀಲಿ ಮಾತ್ರ ಕಪ್ಪಗೆ ಕಾಣುತ್ತೆ. ಅದಕ್ಕೇ ಅಲ್ವಾ ನಾನು ಕೆಂಪು ಪೆನ್ನು ಈ ಮನೆಗೇ ತರಲ್ಲ!"

ನಾವು ತರುವುದಿಲ್ಲ, ಸರಿ. ಸಾಹುಕಾರರಿಗೆ ಯಾರು ಹೇಳಬೇಕಿತ್ತು? ಮತ್ತೆ ಮಾಡೋಣವೆಂದರೆ ಕಾಗದವಿಲ್ಲ, ಹೊತ್ತೂ ಇಲ್ಲ. ಫೋನು ಮಾಡಿದರೆ ಅವರು ಎತ್ತಲೇ ಇಲ್ಲ. ಬೀದಿಯಲ್ಲಿ ಗಾಡಿ ಹಾರನ್ ಹೊಡೆಯಿತು. ಮಹಡಿಯಿಂದ ಅಣ್ಣ ಇಳಿದು ಬಂದ, ಇಸ್ತ್ರಿ ಮಾಡಿದ ಅಂಗಿ ತೊಟ್ಟು. "ನಾಳೆ ಬೆಳಿಗ್ಗೆ ಮಿಷನ್ ಬರುತ್ತಂತೆ. ನಡೀರಿ, ನಿಮ್ಮ ಸಾಹುಕಾರರು ಏನಂತಾರೋ ನಾನೂ ನೋಡ್ತೀನಿ" ಎಂದ.

ಬಾವಲಿ ಹಾಳೆಯನ್ನು ಚೀಲಕ್ಕೆ ಹಾಕಿಕೊಂಡಳು. "ಹೋಗೋಣ ಅಕ್ಕ. ಪರದೆ ತೆಗೆಯೋ ಮುಂಚೆ ನಾನೇ ಹೇಳಿಬಿಡ್ತೀನಿ. ಬೈದ್ರೆ ಬೈಲಿ."

ಹೇಳಲು ಬಿಡಬೇಕಲ್ಲ! ಹೊಸ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಾವಲಿ "ಸಾರ್, ಒಂದ್ಮಾತು" ಎನ್ನುತ್ತ ಹಿಂದೆ ಹಿಂದೆ ಹೋದರೆ, ಸಾಹುಕಾರರು "ಆಮೇಲಮ್ಮ, ಆಮೇಲೆ" ಎನ್ನುತ್ತ ಮುಂದೆ ಮುಂದೆ ಹೋದರು. ನಾನು ಅವರ ಹೆಂಡತಿಯನ್ನಾದರೂ ಹಿಡಿಯೋಣವೆಂದು ಹೋದೆ. ಅಷ್ಟರಲ್ಲಿ ಅವರೇ ನನ್ನ ಕಿವಿಯಲ್ಲಿ ಹೇಳಿದರು: "ಸದ್ಯ ಬದಲಾಯಿಸಿದ್ವಲ್ಲ! ಇವರು ಅತ್ತೆ ಫೋಟೋಗೆ ಸುತ್ತು ಹಾಕಿ ಕೂತಿದ್ರು. ಇಸ್ತ್ರಿ ಅಂಗಡೀಲಿ ಸುಕ್ಕಿನ ಮುಖ ಯಾರಾದ್ರೂ ಹಾಕ್ತಾರಾ, ನೀವೇ ಹೇಳಿ?" ನನ್ನ ಜೀವ ಬಾಯಿಗೆ ಬಂತು. ತಿರುಗಿ ನೋಡಿದರೆ ಸಾಹುಕಾರರು ಪರದೆಯ ಹಗ್ಗ ಎಳೆದೇಬಿಟ್ಟಿದ್ದರು.

ಗೋಡೆಯ ಮೇಲೆ ಆಳೆತ್ತರದ ಅಜ್ಜಿ ನಗುತ್ತಿದ್ದರು. ಸಾಹುಕಾರರ ಕೈ ಹಗ್ಗದ ಮೇಲೇ ನಿಂತಿತು. ಅವರು ಮೆಲ್ಲನೆ ಬಾವಲಿಯ ಕಡೆ ತಿರುಗಿದರು. ಮುಖ ಕೆಂಪಗಾಗುತ್ತಿತ್ತು. ಅಣ್ಣ ನನ್ನ ಮೊಣಕೈ ತಿವಿದು, "ಏನೇ ಆಯ್ತು?" ಎಂದ.

ಆಗ ಜನರನ್ನು ಸರಿಸಿಕೊಂಡು ಅಜ್ಜಿ ಮುಂದೆ ಬಂದರು. ಕನ್ನಡಕ ಏರಿಸಿ ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಯಾರೇ ಇವಳು?" ಎಂದರು. ಆಮೇಲೆ ಹತ್ತಿರ ಹೋಗಿ ಫೋಟೋದ ಬೆರಳ ಪಕ್ಕ ತಮ್ಮ ಬೆರಳಿಟ್ಟು, "ಅಯ್ಯೋ, ನಾನೇ! ಕೆಲ್ಸ ಮಾಡೋವಾಗ ನಾನು ಹಿಂಗಿರ್ತೀನಾ? ಇಷ್ಟು ವರ್ಷ ಒಬ್ರೂ ಹೇಳ್ಲಿಲ್ವಲ್ಲ! ಎಷ್ಟು ಚೆನ್ನಾಗಿದ್ದೀನೇ!" ಎಂದರು. ಫೋಟೋದಲ್ಲಿದ್ದ ಹಾಗೆಯೇ ತಲೆ ಹಿಂದಕ್ಕೆ ಹಾಕಿ ನಕ್ಕರು. ನೆರೆದವರೆಲ್ಲ ಗೊಳ್ಳೆಂದು ನಕ್ಕು ಚಪ್ಪಾಳೆ ಹೊಡೆದರು. ಅಜ್ಜಿ ಮಗನ ಕಡೆ ತಿರುಗಿ ಕೇಳಿದರು: "ನನ್ನೇ ಆರಿಸಿದ್ಯೇನೋ ಮಗನೇ, ಇಷ್ಟು ಜನ ಇದ್ರೂ?"

ಸಾಹುಕಾರರು ಒಮ್ಮೆ ಹೆಂಡತಿಯ ಕಡೆ, ಒಮ್ಮೆ ಅಮ್ಮನ ಕಡೆ ನೋಡಿದರು. ಬಾವಲಿಯ ಚೀಲದಲ್ಲಿ ಆ ಹಾಳೆಯಿತ್ತು, ತೆಗೆದು ಚಾಚಿದ್ದರೆ ತಾನು ಬಚಾವು. ಅವಳು ಚೀಲದ ಬಾಯಿಯನ್ನು ಗಟ್ಟಿಯಾಗಿ ಹಿಡಿದುಕೊಂಡು, "ಹೂಂ ಅಜ್ಜಿ. ನೀಲಿ ಪೆನ್ನಲ್ಲಿ ದುಂಡಗೆ ಸುತ್ತು ಹಾಕಿ ಕಳಿಸಿದ್ರು" ಎಂದಳು.

"ಹೂಂ ಅಮ್ಮ, ನಾನೇ" ಎಂದರು ಸಾಹುಕಾರರು. ಕಣ್ಣು ಒದ್ದೆಯಾಗಿತ್ತು. ಆಮೇಲೆ ಯಾರ ಜೊತೆಗೂ ಮಾತಾಡದೆ ಸರಸರನೆ ಒಳಗೆ ನಡೆದುಬಿಟ್ಟರು. ಅವರ ಹೆಂಡತಿಯೂ ಹಿಂದೆಯೇ ಹೋದರು.

ಮಿಕ್ಕ ಅಂಗಡಿಗಳ ಮಾತು ಬರಲೇ ಇಲ್ಲ. ಮನೆಗೆ ಬರುವ ದಾರಿಯಲ್ಲಿ ಅಣ್ಣ, "ಫೋಟೋ ಏನೋ ಜೋರಾಗಿದೆ ಕಣೇ, ಇಲ್ಲ ಅನ್ನಲ್ಲ. ಆದ್ರೆ ಖಾಯಂ ಕೆಲಸ ಎಲ್ಲಿ? ನಾಳೆ ಮಿಷನ್ ಇಳಿಯೋದೇ" ಎಂದ. ನನಗೆ ಪಿತ್ತ ನೆತ್ತಿಗೇರಿತು. ಬಾವಲಿ ಮಾತ್ರ, "ಅಜ್ಜಿ ನಕ್ಕಿದ್ದು ನೋಡಿದ್ಯಾ ಅಕ್ಕ!" ಎನ್ನುತ್ತ ದಾರಿಯುದ್ದಕ್ಕೂ ಹಾರಾಡುತ್ತಿದ್ದಳು.

ಮಾರನೆಯ ಬೆಳಿಗ್ಗೆ ಝೆರಾಕ್ಸ್ ಮಿಷನ್ನಿನ ಲಾರಿ ಮೂತಿ ತೋರಿಸುವಷ್ಟರಲ್ಲೇ ಆಟೋದಿಂದ ಅಜ್ಜಿ ಇಳಿದರು. ಜೊತೆಗೆ ಇಸ್ತ್ರಿ ಮಾಡುವ ಹೆಂಗಸರ ಹಿಂಡು. "ನನ್ನ ಮಗ ಎಲ್ಲಾ ಅಂಗಡಿಗೂ ಒಂದೊಂದು ಬೇಕಂತ ಹೇಳಿ ಕಳ್ಸಿದ್ದಾನೆ. ಇವರದ್ದು, ಮಿಷನ್ ಓಡಿಸೋರದ್ದು, ಎಲ್ಲರದ್ದೂ. ಅದೆಲ್ಲ ಆಮೇಲೆ. ಮೊದ್ಲು ನಾನು ಹೆಂಗ್ ಹುಟ್ಟಿದ್ನೋ ಆ ಕೋಣೆ ತೋರ್ಸು" ಎಂದು ಬಾವಲಿಯ ಕೈ ಹಿಡಿದು ಒಳನುಗ್ಗಿದರು. ಎಲ್ಲ ಅಂಗಡಿಗೂ! ನಾನು ಕೌಂಟರಿನಿಂದ ನೆಗೆದು ಹಿಂದೆಯೇ ಓಡಿದೆ. ಬಾವಲಿ ಕೆಂಪು ದೀಪ ಹಚ್ಚಿ, ಅಜ್ಜಿಯ ನೆಗೆಟಿವ್ ಸಿಕ್ಕಿಸಿ, ಚಿಕ್ಕ ಕಾಗದವೊಂದನ್ನು ಹೊರತೆಗೆಯುವವಳಿದ್ದಳು. ಅಷ್ಟರಲ್ಲಿ, "ಏನ್ರೇ ಇದು, ಕೋಣೆ ಖಾಲಿ ಮಾಡಿ ಅಂದ್ರೆ ಜಾತ್ರೆ ಮಾಡ್ತಿದ್ದೀರಾ?" ಎನ್ನುತ್ತ ಅಣ್ಣ ಬಾಗಿಲಲ್ಲಿ ತಲೆ ಹಾಕಿದ.

"ಒಳಗಾದ್ರೂ ಬಾ, ಹೊರಗಾದ್ರೂ ಹೋಗು, ಬಾಗ್ಲು ಹಾಕು!" ಎಂದು ನಾನು ಅವನ ಅಂಗಿ ಹಿಡಿದು ಒಳಗೆಳೆದು ಬಾಗಿಲು ಜಡಿದೆ.

ಅಣ್ಣ ಆ ಕೋಣೆಯೊಳಗೆ ಕಾಲಿಟ್ಟದ್ದು ಹುಟ್ಟಿದ ಮೇಲೆ ಅದೇ ಮೊದಲು. ಕತ್ತಲೆಯೆಂದರೆ ಅವನಿಗೆ ಚಿಕ್ಕಂದಿನಿಂದ ಪುಕಪುಕ, ಅಪ್ಪ ಎಷ್ಟು ಕರೆದರೂ ಹೊಸ್ತಿಲು ದಾಟಿರಲಿಲ್ಲ. ಈಗ ಹೆಂಗಸರ ನಡುವೆ ಒತ್ತಿಸಿಕೊಂಡು, ನನ್ನ ತೋಳು ಬಿಗಿಯಾಗಿ ಹಿಡಿದು ನಿಂತಿದ್ದ. ಬಾವಲಿ ಕಾಗದದ ಮೇಲೆ ಬೆಳಕು ಬಿಟ್ಟಳು, ಆರಿಸಿದಳು, ಬಿಳಿ ಕಾಗದವನ್ನು ಔಷಧಿಯ ತಟ್ಟೆಗೆ ಜಾರಿಸಿ ಮೆಲ್ಲಗೆ ಅಲುಗಾಡಿಸಿದಳು.

"ಏನೂ ಇಲ್ವಲ್ಲೇ" ಎಂದರು ಅಜ್ಜಿ, ಮೂಗು ತಟ್ಟೆಗೆ ತಾಗುವಷ್ಟು ಬಗ್ಗಿ.

"ನೋಡ್ತಾ ಇರಿ."

ಬಿಳಿಯೊಳಗಿನಿಂದ ಮೊದಲು ಒಂದು ಬೂದು ಗೆರೆ ಎದ್ದಿತು. ಆಮೇಲೆ ತಿರುಚಿದ ವಸ್ತ್ರದ ನೆರಳು. ಆಮೇಲೆ ಬೆರಳುಗಳು, ಒಂದೊಂದಾಗಿ. "ಬಂದೆ!" ಎಂದು ಅಜ್ಜಿ ಕೂಗಿದರು. "ಬರ್ತಾ ಇದ್ದೀನಿ ನೋಡ್ರೇ! ಕೈ ಬಂತು!" ಹೆಂಗಸರೆಲ್ಲ ಹೋ ಎಂದರು. ನನ್ನ ತೋಳಿನ ಮೇಲಿನ ಹಿಡಿತ ಸಡಿಲವಾಯಿತು. ತಿರುಗಿ ನೋಡಿದರೆ ಅಣ್ಣ ನನ್ನನ್ನು ಬಿಟ್ಟು, ಎಲ್ಲರನ್ನೂ ಸರಿಸಿಕೊಂಡು ತಟ್ಟೆಯ ಹತ್ತಿರ ಹೋಗಿ ಅಜ್ಜಿಯ ಪಕ್ಕದಲ್ಲೇ ಬಗ್ಗಿ ನಿಂತಿದ್ದ. ಬಿಟ್ಟ ಬಾಯಿ ಬಿಟ್ಟಂತೇ ಇತ್ತು.

ಹೊರಗೆ ಹಮಾಲಿಗಳು ಬಾಗಿಲು ಬಡಿದರು. "ಸಾರ್, ಮಿಷನ್ ತಂದಿದ್ದೀವಿ! ಬಾಗ್ಲು ತೆಗೀರಿ, ಒಳಗಿಡ್ತೀವಿ!" ಹಿಡಿಕೆ ತಿರುಗಿದ ಸದ್ದು ಕೇಳಿತು.

ಅಣ್ಣ ಹೌಹಾರಿ ನೆಗೆದು ಬಂದು ಬಾಗಿಲಿಗೆ ಬೆನ್ನು ಕೊಟ್ಟ. "ಏಯ್, ಮುಟ್ಟಿದ್ರೆ ನೋಡಿ! ಹೊರಗೆಲ್ಲಾದ್ರೂ ಇಡ್ರೋ ಅದನ್ನ!" ಎಂದು ಗಂಟಲು ಹರಿಯುವಂತೆ ಕೂಗಿದ. "ಇಲ್ಲಿ ಅಜ್ಜಿ ಇನ್ನೂ ಪೂರ್ತಿ ಬಂದಿಲ್ಲ!"